ಜಗದೇವಿ ನಡೆದದ್ದು ಎಂಟುನೂರು ಮೀಟರ್

ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾವು ಕಳೆದ ತಿಂಗಳು ಪ್ರಕಟಿಸಿದ ತಾತ್ಕಾಲಿಕ ಪಟ್ಟಿಯ ಕೊನೆಯ ಪುಟದಲ್ಲಿ ಹೀಗೊಂದು ಸಾಲಿದೆ: ‘ಡಾ. ಜಗದೇವಿ, ವಾಡಿ. ದೈಹಿಕ ಕ್ಷಮತಾ ಪರೀಕ್ಷೆಯಲ್ಲಿ ಅನುತ್ತೀರ್ಣ. ಅನರ್ಹ.’ ಆ ಸಾಲು ಅನ್ಯಾಯದ ಸಾಲು. ನನಗೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ ಸರಳವಾಗಿದೆ. ಅದನ್ನು ಬರೆದವನು ನಾನೇ. ತಮ್ಮ ಸಮಿತಿಯ ವಿಷಯತಜ್ಞನಾಗಿ, ಮೈದಾನದ ಪರೀಕ್ಷಕನಾಗಿ, ನನ್ನ ಸ್ವಂತ ಪೆನ್ನಿನಿಂದ, ಯಾರ ಒತ್ತಾಯವೂ ಇಲ್ಲದೆ ಬರೆದೆ.

ಇದನ್ನು ಮೊದಲು ಮುಚ್ಚಿದ ಲಕೋಟೆಯಲ್ಲಿ ತಮಗೆ ತಿಳಿಸಿದ್ದೆ. ಹನ್ನೊಂದು ದಿನಗಳ ನಂತರ ತಮ್ಮ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು. ಆಕ್ಷೇಪಣೆ ಸಲ್ಲಿಸುವ ಹಕ್ಕು ಅಭ್ಯರ್ಥಿಗಳಿಗೆ ಮಾತ್ರ ಇದೆಯೆಂದೂ, ಸಮಿತಿಯ ಸದಸ್ಯರಿಗೆ ಅಂಥ ಅವಕಾಶ ನಿಯಮದಲ್ಲಿ ಇಲ್ಲವೆಂದೂ ಅದರಲ್ಲಿತ್ತು. ತಪ್ಪು ಮಾಡುವ ಅವಕಾಶ ನಿಯಮದಲ್ಲಿ ಧಾರಾಳವಾಗಿದೆ, ಒಪ್ಪಿಕೊಳ್ಳುವ ಅವಕಾಶ ಮಾತ್ರ ಇಲ್ಲ. ಆದ್ದರಿಂದ ಈಗ ಪತ್ರಿಕೆಯ ಮೂಲಕ, ಸೇಡಂ ಪಟ್ಟಣದ ಒಬ್ಬ ನಾಗರಿಕನಾಗಿ ಬರೆಯುತ್ತಿದ್ದೇನೆ. ಸಮಿತಿಯ ಗೌಪ್ಯತೆಯನ್ನು ಮುರಿದೆ ಎಂದು ತಾವು ಕ್ರಮ ಕೈಗೊಳ್ಳಬಹುದು. ಕೈಗೊಳ್ಳಿ. ನನ್ನ ಮೇಲೆ ಕೈಗೊಳ್ಳಬೇಕಾದ ಕ್ರಮಗಳಲ್ಲಿ ಅದು ತೀರ ಚಿಕ್ಕದು.

ಹುದ್ದೆ ಯಾವುದೆಂದು ಓದುಗರಿಗೂ ತಿಳಿಯಲಿ. ವಿಶ್ವವಿದ್ಯಾಲಯದ ಚಲನವಿಜ್ಞಾನ ವಿಭಾಗಕ್ಕೆ ಒಬ್ಬ ಸಹಾಯಕ ಪ್ರಾಧ್ಯಾಪಕರು ಬೇಕಾಗಿದ್ದರು. ವಿಶೇಷ ವಿಷಯ, ‘ಎಲ್ಲರನ್ನೂ ಒಳಗೊಳ್ಳುವ ದೈಹಿಕ ಚಟುವಟಿಕೆ’. ಅಂದರೆ ನಮ್ಮ ಆಟದ ಮೈದಾನಗಳು ಇಷ್ಟು ವರ್ಷ ಹೊರಗೆ ನಿಲ್ಲಿಸಿದ ಜನ, ಕಾಲಿಲ್ಲದವರು, ಕಣ್ಣಿಲ್ಲದವರು, ಮುಪ್ಪಾದವರು, ಬೆನ್ನು ಬಾಗುವಂತೆ ದುಡಿದವರು, ಹೇಗೆ ಚಲಿಸುತ್ತಾರೆ, ಹೇಗೆ ಆಡಬಲ್ಲರು ಎಂಬುದರ ಅಧ್ಯಯನ ಮತ್ತು ಬೋಧನೆ. ಈ ಹುದ್ದೆಗೆ ತಾವು ವಿಧಿಸಿದ ಅರ್ಹತೆಗಳಲ್ಲಿ ಒಂದು, ಮಹಿಳೆಯರಾದರೆ ಎಂಟು ನಿಮಿಷದಲ್ಲಿ ಎಂಟುನೂರು ಮೀಟರ್ ಓಡಿ ಅಥವಾ ನಡೆದು ಮುಗಿಸುವುದು. ಹೊರಗೆ ನಿಂತವರನ್ನು ಒಳಗೆ ಕರೆಯುವ ಕೆಲಸಕ್ಕೆ ಆಳು ಬೇಕು, ಆದರೆ ಆ ಆಳು ಹೊರಗೆ ನಿಂತವರ ಪೈಕಿ ಆಗಿರಕೂಡದು. ಈ ನಿಯಮವನ್ನು ಓದಿ ನನಗೆ ಆಗ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಸರಿಯಾಗಿಯೇ ಇದೆ ಅನ್ನಿಸಿತು. ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ನಾಲವಾರದ ಒಕ್ಕಲುತನದ ಮನೆಯವನು. ಕಾಲೇಜಿನ ದಿನಗಳಲ್ಲಿ ಕಬಡ್ಡಿ ಆಡುತ್ತಿದ್ದೆ. ಜಿಲ್ಲಾ ತಂಡದಲ್ಲಿ ಮೂರು ವರ್ಷ ಇದ್ದೆ. ದೇಹ ಅಂದರೆ ಬಲ, ಬಲ ಅಂದರೆ ವೇಗ ಎಂಬುದು ನನ್ನ ತಲೆಯಲ್ಲಿ ಹಾಗೆಯೇ ಗಟ್ಟಿಯಾಯಿತು. ಸೇಡಂನ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಸೇರಿ ಮೂವತ್ತು ವರ್ಷವಾಗುತ್ತ ಬಂತು. ಹತ್ತು ವರ್ಷಗಳ ಹಿಂದೆ ನನಗೊಂದು ಸಂಶೋಧನಾ ಯೋಜನೆ ದೊರೆಯಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳಲ್ಲಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಅಂಗವಿಕಲರು ದಿನಕ್ಕೆ ಎಷ್ಟು ಚಲಿಸುತ್ತಾರೆ ಎಂದು ಅಳೆಯಬೇಕಿತ್ತು. ವಿಷಯವನ್ನು ನಾನು ಆರಿಸಿಕೊಂಡದ್ದು ಆಸಕ್ತಿಯಿಂದ ಅಲ್ಲ. ಆ ವರ್ಷ ಅಂಥ ವಿಷಯಗಳಿಗೆ ಮಂಜೂರಾತಿ ಬೇಗ ಸಿಗುತ್ತಿತ್ತು. ಸೊಂಟಕ್ಕೆ ಕಟ್ಟುವ, ಹೆಜ್ಜೆ ಎಣಿಸುವ ಪುಟ್ಟ ಯಂತ್ರಗಳು ಬಂದವು. ಅವನ್ನು ಹೊತ್ತು ಊರೂರು ತಿರುಗಲು ಒಬ್ಬ ಸಹಾಯಕರು ಬೇಕಾಯಿತು. ಬಂದವಳು ಜಗದೇವಿ.

ಆಗ ಅವಳಿಗೆ ಇಪ್ಪತ್ತಾರು ವಯಸ್ಸು. ಸಂಖ್ಯಾಶಾಸ್ತ್ರ ಓದಿದ್ದಳು. ತಂದೆ ರೈಲ್ವೆಯಲ್ಲಿ ಹಳಿ ಕಾಯುತ್ತಿದ್ದವರು, ತೀರಿಕೊಂಡಿದ್ದರು. ಎರಡು ವರ್ಷದವಳಿದ್ದಾಗ ಪೋಲಿಯೊ ಆಗಿ ಬಲಗಾಲು ಸೊರಗಿತ್ತು. ಕಾಲಿಗೆ ಕಬ್ಬಿಣದ ಪಟ್ಟಿ, ಕೈಯಲ್ಲಿ ಒಂದು ಊರುಗೋಲು. ನಾನು ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ತಿರುಗಾಟದ ಕೆಲಸ ಅದ ಇದು. ನಿನಗ ತ್ರಾಸ ಆಗಂಗಿಲ್ಲೇನು?” ಅಂದಿದ್ದೆ.

“ತ್ರಾಸ ಆಗ್ತದ್ರಿ ಸರ್. ಮಾಡ್ತೀನಿ,” ಅಂದಳು.

ಮಾಡಿದಳು. ಬಸ್ಸಿನಲ್ಲಿ ಚಿಂಚೋಳಿಗೆ ಹೋಗಿ ಅಲ್ಲಿಂದ ಕೊಡ್ಲಿಗೆ, ಪ್ಯಾಸೆಂಜರ್ ಗಾಡಿಯಲ್ಲಿ ಚಿತ್ತಾಪುರಕ್ಕೆ, ಟಂಟಂ ಆಟೋದಲ್ಲಿ ಶಹಾಬಾದದ ಪರ್ಸಿ ಎಂಬ ಹಾಸುಗಲ್ಲಿನ ಗಣಿಗಳಿಗೆ. ಹದಿನಾಲ್ಕು ತಿಂಗಳಲ್ಲಿ ನೂರಾ ನಲವತ್ಮೂರು ಜನರ ಮನೆಗೆ ಹೋದಳು. ನಾನು ಹೋದದ್ದು ಒಂಬತ್ತು ಮನೆಗೆ. ಅದೂ ಫೋಟೊ ತೆಗೆಯುವ ದಿನ.

ಒಂದು ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದು ಅಂಕಿಗಳ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಇಪ್ಪತ್ಮೂರು ಜನರ ಹೆಸರಿನ ಮುಂದೆ ಸೊನ್ನೆ ಇತ್ತು. ದಿನವಿಡೀ ಒಂದು ಹೆಜ್ಜೆಯೂ ಇಲ್ಲ.

“ಸರ್, ಈ ಸೊನ್ನಿ ಸುಳ್ಳದ್ರಿ.”

“ಮಷೀನ್ ಸುಳ್ಳು ಹೇಳ್ತದೇನು? ಆ ಹೆಸರು ತೆಗೆದು ಒಗಿ. ಉಳಿದವರ ಮ್ಯಾಲೆ ಲೆಕ್ಕ ಮಾಡು.”

“ಒಗದ್ರ ಇವರೆಲ್ಲಾ ಹೋಗ್ತಾರ್ರಿ. ಇವರು ದಿನಾ ಪೂರಾ ದುಡೀತಾರ. ನಾ ಕಣ್ಣಾರೆ ನೋಡೀನಿ. ಕುಂತ ದುಡಿಯೋರಿಗಿ ಸೊಂಟದ ಮಷೀನ್ ಏನ್ ಎಣಿಸ್ತದ್ರಿ?”

ನನಗೆ ಬೇಸರವಾಯಿತು. ಕೆಲಸ ಮುಗಿಸಿ ವರದಿ ಕಳಿಸಬೇಕಿತ್ತು. ಏನು ಬೇಕಾದರೂ ಮಾಡಿಕೋ ಅಂದೆ. ಮರುದಿನ ಅವಳು ಶಹಾಬಾದಕ್ಕೆ ಹೋಗಿ ಒಬ್ಬ ಹೆಂಗಸಿನ ಪಕ್ಕದಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕುಳಿತಳು. (ಈ ಪತ್ರದ ಮೊದಲ ಕರಡಿನಲ್ಲೂ ನಾನು ‘ಒಬ್ಬ ಹೆಂಗಸು’ ಎಂದೇ ಬರೆದಿದ್ದೆ. ಜಗದೇವಿ ಅದನ್ನು ಓದಿ, “ಆಕಿಗಿ ಹೆಸರದ, ಬರೀರಿ,” ಅಂದಳು.) ಹೆಸರು ಇಮಾಮ್‌ಬೀ. ವರ್ಷಗಳ ಹಿಂದೆ ಕಲ್ಲಿನ ಹಾಸು ಜಾರಿ ಬಿದ್ದು ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕುಳಿತಲ್ಲೇ ಪರ್ಸಿಯ ಅಂಚು ಕೆತ್ತುತ್ತಾಳೆ. ಒಂದು ಕಲ್ಲು ಮುಗಿದರೆ ಎರಡೂ ಕೈ ಊರಿ, ಮೈ ಎಳೆದುಕೊಂಡು ಮುಂದಿನ ಕಲ್ಲಿಗೆ ಸರಿಯುತ್ತಾಳೆ. ಜಗದೇವಿ ಸುಣ್ಣದ ಕಡ್ಡಿ ಹಿಡಿದು ಒಂದೊಂದು ಏಟಿಗೂ ಕಲ್ಲಿನ ಮೇಲೆ ಗೆರೆ ಎಳೆದಳು.

“ಏನ್ ಮಾಡಾಕತ್ತಿ ಬೇಟಿ?” ಅಂತ ಇಮಾಮ್‌ಬೀ ಕೇಳಿದಳಂತೆ.

“ನಿಮ್ಮ ಏಟು ಎಣಿಸಾಕತ್ತೀನ್ರಿ.”

“ನಿನ್ನ ಮಷೀನ್ ಏನಂತು?”

“ಸೊನ್ನಿ ಅಂತು.”

ಇಮಾಮ್‌ಬೀ ಸುತ್ತಿಗೆ ಕೆಳಗಿಟ್ಟು ನಕ್ಕಳಂತೆ. “ಹಾಂಗಾದ್ರ ನಾ ಇಷ್ಟು ವರ್ಸ ಖಾಲೀ ಪೀಲಿ ಕುಂತೀನಿ ಅನ್ನು.”

ಆ ದಿನದ ಏಟುಗಳು ಒಂಬತ್ತು ಸಾವಿರದ ಮುನ್ನೂರ ಹನ್ನೆರಡು. ಯಂತ್ರವನ್ನು ಸೊಂಟದಿಂದ ಬಿಚ್ಚಿ ಮಣಿಕಟ್ಟಿಗೆ, ತೋಳಿಗೆ, ಊರುಗೋಲಿಗೆ ಕಟ್ಟಿ, ಕೈಯಿಂದ ಎಣಿಸಿದ್ದರ ಜೊತೆ ಹೋಲಿಸಿ, ಉಳಿದ ಇಪ್ಪತ್ತೆರಡು ಜನರಿಗೂ ಅವಳು ಹೀಗೆಯೇ ಮಾಡಿದಳು. ಮೂರು ತಿಂಗಳು ಹಿಡಿಯಿತು. ಕೊನೆಗೆ ಗೊತ್ತಾದದ್ದು ಇಷ್ಟು: ನಾವು ‘ನಿಷ್ಕ್ರಿಯರು’ ಎಂದು ಬರೆಯಲಿದ್ದ ಜನ, ಈ ಐದು ಊರುಗಳಲ್ಲಿ ಎಲ್ಲರಿಗಿಂತ ಹೆಚ್ಚು ಮೈ ದಣಿಸುವವರು. ಅಳತೆಗೋಲೇ ಅವರನ್ನು ಕಾಣಲಾರದಂತೆ ತಯಾರಾಗಿತ್ತು.

ಅಧ್ಯಕ್ಷರೇ, ಈ ಫಲಿತಾಂಶ ತಮಗೆ ಪರಿಚಿತ ಅನ್ನಿಸುತ್ತಿರಬೇಕು. ನನ್ನನ್ನು ಸಭೆಗಳಲ್ಲಿ ಪರಿಚಯಿಸುವಾಗ ಇದನ್ನೇ ಓದುತ್ತಾರೆ. ಪ್ರಬಂಧ ದೊಡ್ಡ ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಲೇಖಕ, ಡಾ. ಕಲ್ಯಾಣಪ್ಪ. ಅಂದರೆ ನಾನು, ಒಬ್ಬನೇ. ಕೊನೆಯ ಪುಟದಲ್ಲಿ, ಯಂತ್ರ ಪೂರೈಸಿದ ಅಂಗಡಿಯ ಹೆಸರಿನ ಕೆಳಗೆ, ‘ಕ್ಷೇತ್ರಕಾರ್ಯದಲ್ಲಿ ನೆರವಾದ ಕುಮಾರಿ ಜಗದೇವಿ ಅವರಿಗೆ ಕೃತಜ್ಞತೆಗಳು.’ ಅವಳು ಕೇಳಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಕೇಳಿದಳು. “ಸರ್, ನನ್ನ ಹೆಸರು?” ಅಂದಳು. “ಮುಂದಿನ ಪೇಪರ್‌ನಾಗ ಹಾಕೋಣ. ನೀ ಇನ್ನೂ ಸಣ್ಣಾಕಿ ಇದ್ದಿ, ಜಲ್ದಿ ಏನದ?” ಅಂದೆ. ಮುಂದಿನ ಪೇಪರ್ ಇರಲಿಲ್ಲ. ಬರೆಯಲು ನನ್ನಲ್ಲಿ ಏನೂ ಇರಲಿಲ್ಲ. ಆ ಒಂದು ಪ್ರಬಂಧದ ಅಂಕಗಳಿಂದ ನಾನು ಪ್ರಾಧ್ಯಾಪಕ ದರ್ಜೆಗೆ ಏರಿದೆ. ಅದೇ ಪ್ರಬಂಧದಿಂದ ಅವಳಿಗೆ ಸಿಕ್ಕ ಅಂಕ, ನಮ್ಮ ಯಂತ್ರದ ಭಾಷೆಯಲ್ಲಿ ಹೇಳುವುದಾದರೆ, ಸೊನ್ನೆ.

ಅವಳು ನನ್ನನ್ನು ಬಿಟ್ಟು ಹೋದಳು. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಮೇಲೆ ಐದು ವರ್ಷ ದುಡಿದು ಡಾಕ್ಟರೇಟ್ ಪಡೆದಳು. ಅಲ್ಲಿನ ಮಾರ್ಗದರ್ಶಕರ ಹೆಸರು ಇಲ್ಲಿ ಬೇಡ, ಆದರೆ ಅವರ ಜೊತೆ ಪ್ರಕಟಿಸಿದ ಪ್ರಬಂಧಗಳಲ್ಲಿ ಜಗದೇವಿಯ ಹೆಸರು ಮೊದಲಿಗಿದೆ ಎಂಬುದನ್ನು ನಾಚಿಕೆಯಿಂದ ದಾಖಲಿಸುತ್ತೇನೆ. ಆಮೇಲೆ ವಾಡಿಗೆ ಮರಳಿದಳು. ಚಿತ್ತಾಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸ ಅರ್ಜಿ, ಪ್ರತಿ ವರ್ಷ ಅದೇ ತರಗತಿ. ಸಂಜೆ ಅಲ್ಲಿನ ಮಕ್ಕಳಿಗೆ, ಕಣ್ಣು ಕಾಣದವರೂ ಸೇರಿ ಆಡುವಂತೆ, ಗೆಜ್ಜೆ ಕಟ್ಟಿದ ಚೆಂಡಿನ ಆಟ ಕಲಿಸುತ್ತಾಳೆಂದು ಕೇಳಿದ್ದೆ. ನೋಡಲು ಹೋಗಿರಲಿಲ್ಲ.

ಈ ಹಿನ್ನೆಲೆಯಲ್ಲಿ ತಮ್ಮ ಕಚೇರಿಯಿಂದ ನನಗೆ ಪತ್ರ ಬಂತು. ‘ಎಲ್ಲರನ್ನೂ ಒಳಗೊಳ್ಳುವ ದೈಹಿಕ ಚಟುವಟಿಕೆಯ ಕ್ಷೇತ್ರದಲ್ಲಿ ತಮ್ಮ ಅನುಪಮ ಕೊಡುಗೆಯನ್ನು ಪರಿಗಣಿಸಿ’ ನನ್ನನ್ನು ವಿಷಯತಜ್ಞನಾಗಿ ನೇಮಿಸಲಾಗಿತ್ತು. ಅಭ್ಯರ್ಥಿಗಳ ಪಟ್ಟಿಯಲ್ಲಿ ಅವಳ ಹೆಸರನ್ನು ನೋಡಿದೆ. ಆ ಕ್ಷಣವೇ ನಾನು ಹಿಂದೆ ಸರಿಯಬೇಕಿತ್ತು. ಆರೋಗ್ಯ ಸರಿಯಿಲ್ಲ ಎಂದರೂ ಸಾಕಿತ್ತು. ಸರಿಯಲಿಲ್ಲ. ಹೊಸ ಕೋಟು ಹೊಲಿಸಿದೆ.

ಸಂದರ್ಶನ ಎರಡನೆಯ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿ. ಅವಳು ಒಂದು ಗಂಟೆ ಮೊದಲೇ ಬಂದು ಮೆಟ್ಟಿಲು ಹತ್ತಿ ಕುಳಿತಿದ್ದಳು. ಒಳಗೆ ಬಂದಾಗ ನನ್ನನ್ನು ಕಂಡು ಕೈಮುಗಿದಳು, ಅಷ್ಟೆ. ತಾವು ಅವಳ ಅರ್ಜಿ ತಿರುವಿ ಕೇಳಿದ ಪ್ರಶ್ನೆ ತಮಗೆ ನೆನಪಿದೆಯೋ ಇಲ್ಲವೋ, ನನಗಿದೆ.

“ಐದು ಊರುಗಳ ಈ ಪ್ರಬಂಧ ನಮ್ಮ ಕಲ್ಯಾಣಪ್ಪನವರದಲ್ಲವೇ? ನೀವು ಅದನ್ನು ಅನುಭವ ಎಂದು ತೋರಿಸಿದ್ದೀರಿ. ಅದರಲ್ಲಿ ನಿಮ್ಮ ಪಾತ್ರವೇನು?”

ಅವಳು ನನ್ನತ್ತ ನೋಡಿದಳು. ಹೆಚ್ಚೆಂದರೆ ಮೂರು ಸೆಕೆಂಡು. ಆ ಮೂರು ಸೆಕೆಂಡು ನನ್ನ ಪಾಲಿಗೆ ಬಿಟ್ಟಿದ್ದಳು. ನಾನು ಚಹಾದ ಕಪ್ಪಿನೊಳಗೆ ನೋಡಿದೆ.

“ಎಣಿಸುವ ಕೆಲಸ ನನ್ನದಿತ್ತು ಸರ್,” ಅಂದಳು.

ಸದಸ್ಯರೊಬ್ಬರು, “ಎಣಿಸುವುದಕ್ಕೆ ಡಾಕ್ಟರೇಟ್ ಬೇಕೇನಮ್ಮ?” ಅಂದರು. ಎಲ್ಲರೂ ನಕ್ಕರು. ತಾವೂ ನಕ್ಕಿರಿ. ನಾನೂ ನಕ್ಕೆ.

ಅದೇ ಮಧ್ಯಾಹ್ನದ ಸಭೆಯಲ್ಲಿ ತಾವು ಅಧಿಸೂಚನೆಯ ಒಂದು ಕಲಮನ್ನು ಓದಿ ಹೇಳಿದಿರಿ: ವಿಕಲಚೇತನ ಅಭ್ಯರ್ಥಿಯ ವಿಷಯದಲ್ಲಿ ವಿಷಯತಜ್ಞರು ಲಿಖಿತವಾಗಿ ಶಿಫಾರಸು ಮಾಡಿದರೆ ಓಟದ ಪರೀಕ್ಷೆಯನ್ನು ಸಮಿತಿ ಸಡಿಲಿಸಬಹುದು. “ಇದು ಪೂರ್ತಿ ತಮಗೆ ಬಿಟ್ಟದ್ದು,” ಎಂದು ನನ್ನ ಕಡೆ ತಿರುಗಿ ಅಂದಿರಿ. ಇದನ್ನು ಏಕೆ ನೆನಪಿಸುತ್ತಿದ್ದೇನೆಂದರೆ, ನಿಯಮ ಕ್ರೂರವಾಗಿತ್ತು, ನಾನು ಅಸಹಾಯಕನಾಗಿದ್ದೆ ಎಂದು ಯಾರೂ ತಿಳಿಯಬಾರದು. ಬಾಗಿಲಿತ್ತು. ಕೀಲಿ ನನ್ನ ಕೈಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಏಳೂವರೆಗೆ ಮೈದಾನ. ಸುಣ್ಣದಲ್ಲಿ ಗೆರೆ ಎಳೆದ ಇನ್ನೂರು ಮೀಟರಿನ ಸುತ್ತು. ಐವರು ಗಂಡಸರು ಮೊದಲು ಓಡಿ ಮುಗಿಸಿದರು. ಮೊದಲ ಸ್ಥಾನದ ಯುವಕ ಚೆನ್ನಾಗಿ ಓಡಿದ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಆಮೇಲೆ ಅವಳು ಒಬ್ಬಳೇ ಗೆರೆಯ ಮೇಲೆ ಬಂದು ನಿಂತಳು.

“ಸರ್, ಬಡಗಿ ಹಿಡೀಬಹುದೇನ್ರಿ?” ಅಂತ ಊರುಗೋಲು ತೋರಿಸಿದಳು.

“ನಿಯಮದಾಗ ಬ್ಯಾಡ ಅಂತ ಇಲ್ಲ,” ಅಂದೆ. ಎಂಥ ಔದಾರ್ಯ!

ಎಂಟು ನಿಮಿಷ ಆದಾಗ ಅವಳು ಎರಡು ಸುತ್ತು ಮುಗಿಸಿ ಮೂರನೆಯದರ ಅರ್ಧ ದಾಟಿದ್ದಳು. ಸೀಟಿ ಊದಿದೆ. ಹಾಳೆಯಲ್ಲಿ ಬರೆದೆ: ಐನೂರ ಇಪ್ಪತ್ತು ಮೀಟರ್, ಅನುತ್ತೀರ್ಣ. ಅದರ ಪಕ್ಕದಲ್ಲೇ ‘ಪರೀಕ್ಷಕರ ವಿಶೇಷ ಷರಾ’ ಎಂಬ ಖಾಲಿ ಚೌಕವಿತ್ತು. ಅಲ್ಲಿ ಎರಡು ವಾಕ್ಯ ಬರೆಯುವಷ್ಟು ಜಾಗ. ಖಾಲಿ ಬಿಟ್ಟು ಸಹಿ ಹಾಕಿದೆ. ಬೇವಿನ ಮರದ ಕೆಳಗೆ ಚಹಾ ಬಂದಿತ್ತು, ಎಲ್ಲರೂ ಅತ್ತ ಹೋದೆವು.

ತಿರುಗಿ ನೋಡಿದರೆ ಅವಳು ಇನ್ನೂ ನಡೆಯುತ್ತಿದ್ದಳು. ಯಾರೂ ಇಲ್ಲದ ಮೈದಾನದಲ್ಲಿ, ಪಟ್ಟಿಯ ಕಾಲು ಎಳೆದಿಟ್ಟು, ಊರುಗೋಲು ಊರಿ, ಗೆರೆ ಬಿಡದೆ. ಯಾರೋ, “ಸೀಟಿ ಕೇಳಿಸಲಿಲ್ಲವೇನೋ,” ಅಂದರು. ಕೇಳಿಸಿತ್ತು. ಐದು ನಿಮಿಷ ನಾವು ಚಹಾ ಕುಡಿಯುತ್ತ ಬೇರೆ ಮಾತಾಡಿದೆವು. ನಾಲ್ಕು ಸುತ್ತು ಮುಗಿಸಿ ನೇರವಾಗಿ ನನ್ನ ಬಳಿ ಬಂದಳು. ಕುಪ್ಪಸದ ಬೆನ್ನು ಪೂರಾ ತೊಯ್ದಿತ್ತು.

“ಮುಗೀತ್ರಿ ಸರ್. ಎಷ್ಟಾಯ್ತು?”

“ಟೈಮ್ ಆವಾಗೇ ಆಗಿ ಹೋಗಿತ್ತಲ್ಲವಾ.”

“ಅದು ಗೊತ್ತದರಿ. ಒಟ್ಟ ಎಷ್ಟಾಯ್ತು ಅಂತ ಕೇಳಾಕತ್ತೀನಿ.”

“ನೋಡ್ಲಿಲ್ಲ,” ಅಂದೆ.

ಸುಳ್ಳು. ಗಡಿಯಾರವನ್ನು ನಾನು ನಿಲ್ಲಿಸಿರಲಿಲ್ಲ. ಕಿಸೆಯಲ್ಲಿ ಓಡುತ್ತಲೇ ಇತ್ತು. ಅವಳು ಕೊನೆಯ ಗೆರೆ ತುಳಿದಾಗ ತೆಗೆದು ನೋಡಿದ್ದೆ. ಹದಿಮೂರು ನಿಮಿಷ ಎರಡು ಸೆಕೆಂಡು. ಈಗ ಹೇಳುತ್ತಿದ್ದೇನೆ, ದಯವಿಟ್ಟು ದಾಖಲೆಗೆ ಸೇರಿಸಿಕೊಳ್ಳಿ.

ಏಕೆ ಹಾಗೆ ಮಾಡಿದೆ ಎಂದು ತಾವು ಕೇಳಬಹುದು. ನನ್ನನ್ನು ನಾನು ಹಲವು ಬಾರಿ ಕೇಳಿಕೊಂಡಿದ್ದೇನೆ. ಶಿಫಾರಸು ಬರೆದಿದ್ದರೆ ಕಾರಣ ಕೊಡಬೇಕಿತ್ತು. ಕಾರಣ ಕೊಡಬೇಕಾದರೆ ಅವಳ ಕೆಲಸವೇನೆಂದು ಹೇಳಬೇಕಿತ್ತು. ಅದನ್ನು ಹೇಳಿದ ಮರುಕ್ಷಣ ಆ ಕುರ್ಚಿಯಲ್ಲಿ ನಾನು ಏಕೆ ಕುಳಿತಿದ್ದೇನೆ ಎಂಬ ಪ್ರಶ್ನೆ ಏಳುತ್ತಿತ್ತು. ಇದು ದೊಡ್ಡ ಕಾರಣ. ಇನ್ನೊಂದೂ ಇದೆ, ಹೇಳಲು ಹೆಚ್ಚು ಕಷ್ಟವಾದದ್ದು. ಹತ್ತು ವರ್ಷ ವೇದಿಕೆಗಳ ಮೇಲೆ ‘ಎಲ್ಲರ ದೇಹಕ್ಕೂ ಮೈದಾನದಲ್ಲಿ ಜಾಗವಿದೆ’ ಎಂದು ಭಾಷಣ ಮಾಡಿದವನ ಒಳಗೆ, ಮೈದಾನದ ಮೇಷ್ಟ್ರು ಕುಂಟಬಾರದು ಎಂಬ ನಾಲವಾರದ ಕಬಡ್ಡಿ ಆಟಗಾರ ಹಾಗೆಯೇ ಇದ್ದ. ಅವಳ ಸಂಶೋಧನೆಯನ್ನು ಕದ್ದೆ, ಅದನ್ನು ನಂಬಲಿಲ್ಲ. ಕದ್ದವನು ಕನಿಷ್ಠ ಕದ್ದ ವಸ್ತುವಿನ ಬೆಲೆ ಅರಿತಿರುತ್ತಾನೆ. ನಾನು ಅದನ್ನೂ ಅರಿಯಲಿಲ್ಲ.

ಪಟ್ಟಿ ಹೊರಬಿದ್ದ ದಿನ ನನ್ನ ಹೆಂಡತಿ ಗುರುಲಿಂಗಮ್ಮ ಅದನ್ನು ಫೋನಿನಲ್ಲಿ ನೋಡಿದಳು. ಯೋಜನೆಯ ಕಾಲದಲ್ಲಿ ಜಗದೇವಿ ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದಳು.

“ನಮ್ಮ ಜಗದೇವಿ ಓಟದಾಗ ಫೇಲ್ ಅಂತ ಬರದಾರಲ್ರಿ. ಆಕಿಗಿ ಯಾರ್ ಓಡಂತಂದ್ರು?” ಅಂದಳು. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. “ನೀವು ಇದ್ರೇನು ಅಲ್ಲಿ?”

“ಇದ್ದೆ.”

ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳು ನನ್ನೊಂದಿಗೆ ಜಗಳವಾಡದೆ ಎದ್ದು ಹೋದದ್ದು ಅದೇ ಮೊದಲು.

ಮುಂದಿನ ಭಾನುವಾರ ಪ್ಯಾಸೆಂಜರ್ ಗಾಡಿ ಹಿಡಿದು ವಾಡಿಗೆ ಹೋದೆ. ಆಕ್ಷೇಪಣೆ ಸಲ್ಲಿಸಲು ಜಗದೇವಿಯನ್ನು ಒಪ್ಪಿಸುವುದು ನನ್ನ ಉದ್ದೇಶವಾಗಿತ್ತು. ಅಂದರೆ, ನನ್ನ ತಪ್ಪನ್ನು ಸರಿಪಡಿಸುವ ಕೆಲಸವನ್ನೂ ಅವಳ ತಲೆಗೇ ಕಟ್ಟುವುದು. ರೈಲ್ವೆ ಕಾಲೊನಿಯ ಹಿಂದೆ ಅವರ ಮನೆ. ತಾಯಿ ಅನಸುಬಾಯಿ ರೊಟ್ಟಿ ಬಡಿಯುತ್ತ ಕುಳಿತಿದ್ದರು.

“ಬರ್ರಿ ಸರ್, ಕುಂದ್ರಿ. ಎಷ್ಟು ವರ್ಸ ಆಯ್ತ್ರಿ ನಿಮ್ಮನ್ನ ನೋಡಿ! ನೀವು ಆವಾಗ ಕೆಲಸ ಕೊಟ್ರಿ ಅಂತ ಈಕಿ ಇಷ್ಟು ಓದಿದ್ಳು. ನಾ ದಿನಾ ನಿಮ್ಮ ಹೆಸರು ತಗೋತೀನ್ರಿ.”

ಮಗಳು ತಾಯಿಗೆ ಎಲ್ಲವನ್ನೂ ಹೇಳಿರಲಿಲ್ಲ. ಓಟದಲ್ಲಿ ಫೇಲಾಗಿ ಕೆಲಸ ತಪ್ಪಿತು ಎಂದಷ್ಟೇ ಹೇಳಿದ್ದಳು. ಪರೀಕ್ಷಕ ಯಾರೆಂದು ಹೇಳಿರಲಿಲ್ಲ. ಜಗದೇವಿ ಬಾಗಿಲ ಬಳಿ ನಿಂತು, ಬೇಡ ಎಂಬಂತೆ ನನಗೆ ತಲೆಯಾಡಿಸಿದಳು. ಆ ಮನೆಯಲ್ಲಿ ಗೌರವದಿಂದ ಕುಳಿತು ಎದ್ದು ಬರಬಹುದಿತ್ತು. ಅಷ್ಟನ್ನು ಮಾತ್ರ ನನ್ನಿಂದ ಮಾಡಲಾಗಲಿಲ್ಲ.

“ಅನಸುಬಾಯಿ, ಓಟದಾಗ ಫೇಲ್ ಅಂತ ಬರದಾವ ನಾನೇ,” ಅಂದೆ.

ಅವರ ಕೈ ಹಿಟ್ಟಿನ ಮೇಲೆ ನಿಂತಿತು.

“ನೀವ್ರಿ?” ಅಂದರು. ಆಮೇಲೆ ಕೇಳಿದರು, “ಎಷ್ಟು ಕಡಿಮಿ ಬಿತ್ರಿ?”

“ಎರಡ್ನೂರ ಎಂಬತ್ತು ಮೀಟರ್.”

“ಅಂದ್ರ ಎಷ್ಟು ದೂರ?”

“ಇಲ್ಲಿಂದ ಟೇಶನ್ ಪುಲ್ ತನಕಾ.”

“ಅಷ್ಟು ಆಕಿ ದಿನಾ ನಡೀತಾಳಲ್ರಿ. ಪುಲ್ ಹತ್ತಿ ಇಳದು, ಗಾಡಿ ಹಿಡಿದು, ಚಿತ್ತಾಪುರದಾಗ ಮತ್ತ ನಡೀತಾಳ.”

“ನಡದಳವ್ವ. ಆದ್ರ ಎಂಟು ನಿಮಿಷದಾಗ ಮುಗೀಬೇಕಿತ್ತು.”

ಅನಸುಬಾಯಿ ನನ್ನನ್ನು ನಿಜವಾಗಿಯೂ ಅರ್ಥವಾಗದವರಂತೆ ನೋಡಿದರು. “ಜಲ್ದಿ ಹೋಗಿ ಅಲ್ಲಿ ಏನ್ ಮಾಡೋದಿತ್ರಿ?”

ಅದರಲ್ಲಿ ವ್ಯಂಗ್ಯವಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದರು. ಪಾಠ ಹೇಳುವುದಕ್ಕೆ, ಅಳೆಯುವುದಕ್ಕೆ, ಬರೆಯುವುದಕ್ಕೆ, ನಡೆಯಲಾರದ ಮಗುವನ್ನು ಆಟಕ್ಕೆ ಇಳಿಸುವುದಕ್ಕೆ ಎಂಟು ನಿಮಿಷದ ವೇಗ ಎಲ್ಲಿ ಬೇಕಾಗುತ್ತದೆ, ಅಧ್ಯಕ್ಷರೇ? ತಮ್ಮಲ್ಲಿ ಉತ್ತರವಿದ್ದರೆ ವಾಡಿಯ ಆ ತಾಯಿಗೆ ಬರೆದು ತಿಳಿಸಿ. ಓದಿ ಹೇಳಲು ಮಗಳಿದ್ದಾಳೆ.

ಸ್ಟೇಷನ್ನಿನವರೆಗೆ ಜಗದೇವಿ ನನ್ನ ಜೊತೆ ಬಂದಳು. ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ನಾನು ನಡೆದದ್ದು ಈ ಹತ್ತು ವರ್ಷಗಳಲ್ಲಿ ಅದೇ ಮೊದಲು. ಆಕ್ಷೇಪಣೆಯ ಮಾತು ತೆಗೆದೆ. ನಮೂನೆಯನ್ನೂ ತಂದಿದ್ದೆ.

“ನಾ ಬರಿಯಂಗಿಲ್ರಿ ಸರ್,” ಅಂದಳು. “ನಾ ಬರದ್ರ ಅದು ಅರ್ಜಿ ಆಗ್ತದ. ಕುಂಟಿ ಅಳ್ಳಾಕತ್ತಾಳ, ಒಂದ್ ಕೆಲಸ ಕೊಟ್ಟು ಕಳಸ್ರಿ ಅಂತಾರ. ನೀವು ಬರದ್ರ ಸಾಕ್ಷಿ ಆಗ್ತದ.”

“ನಾ ಬರದ್ರ ನನ್ನ ಮರ್ಯಾದಿ...”

“ಹೋಗ್ತದ್ರಿ,” ಅಂದಳು. ಸಿಟ್ಟಿಲ್ಲದೆ, ಅಂಕಿ ಓದಿದಂತೆ. ಸ್ವಲ್ಪ ದೂರ ಹೋದ ಮೇಲೆ ನಿಂತಳು. “ಒಂದು ಮಾತು. ನನ್ನ ಮ್ಯಾಲ ಕನಿಕರ ಅಂತ ಬರೀಬ್ಯಾಡ್ರಿ. ಏನಾಯ್ತು ಅದು ಬರೀರಿ. ನೀವು ಬರದ್ರಿ ಅಂತ ನಾ ಮಾಫ್ ಮಾಡೀನಿ ಅಂತನೂ ತಿಳ್ಕೋಬ್ಯಾಡ್ರಿ. ಅದು ಬ್ಯಾರೆ ಲೆಕ್ಕ.”

ಆದ್ದರಿಂದ ಆದದ್ದನ್ನು ಬರೆದಿದ್ದೇನೆ, ಮೊದಲು ಆ ಲಕೋಟೆಯಲ್ಲಿ, ಈಗ ಇಲ್ಲಿ. ಪ್ರಬಂಧ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೂ ಎಲ್ಲವನ್ನೂ ತಿಳಿಸಿದೆ. ಅವರು ಅವಳ ಕ್ಷೇತ್ರದ ವಹಿಗಳನ್ನು ತರಿಸಿಕೊಂಡು ನೋಡಿ, ಕಳೆದ ವಾರ ತಿದ್ದುಪಡಿ ಹೊರಡಿಸಿದ್ದಾರೆ. ಮೊದಲ ಲೇಖಕಿ ಈಗ ಜಗದೇವಿ. ನನ್ನ ಹೆಸರನ್ನು ತೆಗೆದುಬಿಡಿ ಎಂದಿದ್ದೆ. ಅವಳೇ ಒಪ್ಪಲಿಲ್ಲವಂತೆ, ಯೋಜನೆ ತಂದವರು ಅವರು, ಎರಡನೆಯದಾಗಿ ಇರಲಿ ಎಂದಳಂತೆ. ಲೆಕ್ಕದಲ್ಲಿ ಅವಳು ಅಷ್ಟು ಕಟ್ಟುನಿಟ್ಟು.

ಈಗ ತಮ್ಮ ಸರದಿ. ಪ್ರಕಟಣೆಗಳ ವಿಭಾಗದಲ್ಲಿ ಅವಳ ಅಂಕಗಳನ್ನು ಈ ತಿದ್ದುಪಡಿಯ ಆಧಾರದ ಮೇಲೆ ಮತ್ತೆ ಎಣಿಸಿ. ನಾನು ಸಹಿ ಮಾಡಿದ ಮೈದಾನದ ಹಾಳೆಯನ್ನು ರದ್ದುಪಡಿಸಿ, ಏಕೆಂದರೆ ಆ ಅಭ್ಯರ್ಥಿಯ ಮೇಲೆ ತೀರ್ಪು ಕೊಡುವ ನೈತಿಕ ಅಧಿಕಾರ ನನಗಿರಲಿಲ್ಲ, ಮತ್ತು ಆ ವಿಷಯವನ್ನು ತಮ್ಮಿಂದ ಮುಚ್ಚಿಟ್ಟಿದ್ದೆ. ಅವಳ ಯಾವ ಋಣವನ್ನೂ ಹೊತ್ತಿರದ ಬೇರೊಬ್ಬ ತಜ್ಞರನ್ನು ಕರೆಸಿ, ಸಡಿಲಿಕೆಯ ಕಲಮನ್ನು ಅವರು ಓದಲಿ. ಅಲ್ಲಿಯವರೆಗೆ ಅಂತಿಮ ಪಟ್ಟಿಯನ್ನು ತಡೆಹಿಡಿಯಿರಿ. ನನ್ನ ಬಡ್ತಿಯ ಬಗ್ಗೆ ವಿಚಾರಣೆ ನಡೆಯಲಿ, ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ, ಸಮಯ ಸಾಕು. ಇವುಗಳಲ್ಲಿ ಯಾವುದನ್ನೂ ದಯೆ ಎಂದು ಮಾಡಬೇಡಿ. ದಯೆಯನ್ನು ಯಾರೂ ಕೇಳಿಲ್ಲ.

ತಾವು ನನ್ನನ್ನು ವಿಚಾರಣೆಗೆ ಕರೆದರೆ ಬರುತ್ತೇನೆ. ಆದರೆ ಅದೇ ದಿನ, ಅದೇ ಕೋಣೆಗೆ, ನೆಲಮಹಡಿಯಲ್ಲಿ, ಅವಳನ್ನೂ ಕರೆಯಿರಿ. ಇದನ್ನೆಲ್ಲ ಕಾಗದದ ಮೇಲೆ ಬರೆಯುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅವಳ ಎದುರಿಗೆ, ತಮ್ಮೆಲ್ಲರ ಮುಂದೆ, ಬಾಯಿಬಿಟ್ಟು ಹೇಳುವುದು ಇನ್ನೂ ಬಾಕಿ ಇದೆ. ಆಗಲೂ ನಾನು ತಲೆ ತಗ್ಗಿಸಿ ಸುಮ್ಮನಾದರೆ, ಈ ಪತ್ರವನ್ನು ಅಲ್ಲಿಯೇ ಗಟ್ಟಿಯಾಗಿ ಓದಿಸಿ.

ಇಂತಿ,
ತಮ್ಮ ಆದೇಶಪತ್ರದಲ್ಲಿ ‘ತಜ್ಞ’ ಎಂದು ನಮೂದಾಗಿರುವ, ಆ ಪದವನ್ನು ಈ ಮೂಲಕ ಹಿಂದಿರುಗಿಸುತ್ತಿರುವ,
ಎರಡನೆಯ ಲೇಖಕ
ಕಲ್ಯಾಣಪ್ಪ
ಸೇಡಂ